ಬಾಲಣ್ಣ ಮತ್ತು ಅವರು ಕಟ್ಟಲು ಹೊರಟ ಮನೆ

(ಸಂಘದ ಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಚಿತ್ರರಂಗದ ಹಳೆಯ ತಲೆಮಾರಿನ ಕಲಾವಿದರೊಬ್ಬರ ಜೀವನದ ಬಗ್ಗೆ ಮಾತನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಇಂಥ ಸಂದರ್ಭದಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಡಾ. ರಾಜಕುಮಾರ್ ಅವರದು. ಅದು ನ್ಯಾಯವೇ. ಆದರೆ ಅಣ್ಣಾವ್ರ ಬಗ್ಗೆ ನಿಮಗೆ ಗೊತ್ತಿಲ್ಲದ್ದನ್ನು ನಾನು ಹೇಳುವುದು ಕಷ್ಟ. ಆದ್ದರಿಂದ ಅವರ ಎಷ್ಟೋ ಚಿತ್ರಗಳಲ್ಲಿ ಅವರ ಪಕ್ಕದಲ್ಲೋ, ಎದುರಿಗೋ, ಹಿಂದೆಯೋ ನಿಂತಿದ್ದ ಇನ್ನೊಬ್ಬರನ್ನು ಇಂದು ನೆನೆಯೋಣ. ಅವರೇ ಟಿ. ಎನ್. ಬಾಲಕೃಷ್ಣ, ನಮ್ಮೆಲ್ಲರ ಬಾಲಣ್ಣ.

ಒಂದು ಕಾಲದಲ್ಲಿ ಊರಿನಿಂದ ಬಂದ ವಿಡಿಯೋ ಕ್ಯಾಸೆಟ್ಟುಗಳನ್ನು ಮನೆಯಿಂದ ಮನೆಗೆ ದಾಟಿಸಿ ನೋಡುತ್ತಿದ್ದ ನಮ್ಮಂಥವರಿಗೆ ಬಾಲಣ್ಣನ ಮುಖ ಚಿರಪರಿಚಿತ. ಸಾಹುಕಾರನ ಕಿವಿಯಲ್ಲಿ ಪಿಸುಗುಟ್ಟಿ ಮನೆ ಮುರಿಯುವವರು ಅವರೇ, ಮರುದಿನ ಇನ್ನೊಂದು ಚಿತ್ರದಲ್ಲಿ ನಿಷ್ಠಾವಂತ ಮುದುಕನಾಗಿ ಕಣ್ಣೀರು ತರಿಸುವವರೂ ಅವರೇ. ಐದು ದಶಕಗಳಲ್ಲಿ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು. ಆದರೆ ಪೋಸ್ಟರಿನಲ್ಲಿ ಅವರ ಮುಖ ದೊಡ್ಡದಾಗಿ ಬಂದದ್ದು ಅಪರೂಪ. ಅವರು ಮಾತಿನ ಚಿತ್ರಗಳಲ್ಲಿ ದುಡಿದು ಬದುಕಿದವರು, ಆದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇಲ್ಲಿರುವ ಎಷ್ಟೋ ಕಿರಿಯರಿಗೆ ಈ ಸಂಗತಿ ತಿಳಿದಿರಲಾರದು.

ಬಾಲಣ್ಣ ಹುಟ್ಟಿದ್ದು 1911ರಲ್ಲಿ, ಅರಸೀಕೆರೆಯಲ್ಲಿ. ಮನೆಯಲ್ಲಿ ಕಡು ಬಡತನ. ಎಳೆಯ ವಯಸ್ಸಿನಲ್ಲೇ ಹೆತ್ತವರ ಮಡಿಲು ತಪ್ಪಿ ಬೇರೆ ಮನೆಯ ಮಗುವಾದರು. ಎಂಟು ರೂಪಾಯಿಗೆ ಮಾರಾಟವಾದ ಮಗು ಎಂದು ಅವರ ಬಗ್ಗೆ ಇಂದಿಗೂ ಹೇಳುತ್ತಾರೆ. ಇಂಥ ಬಾಲ್ಯದ ಹುಡುಗನಿಗೆ ಆ ಕಾಲದಲ್ಲಿ ತೆರೆದಿದ್ದ ಬಾಗಿಲು ಒಂದೇ, ವೃತ್ತಿ ನಾಟಕ ಕಂಪನಿ. ಅಲ್ಲಿ ಜಾತಿ, ಓದು, ಮನೆತನ ಯಾವುದನ್ನೂ ಹೆಚ್ಚಾಗಿ ಕೇಳುತ್ತಿರಲಿಲ್ಲ. ಎರಡು ಹೊತ್ತು ಊಟ ಸಿಗುತ್ತಿತ್ತು. ಕಲಿಯುವ ಮನಸ್ಸಿದ್ದವನಿಗೆ ಹಾಡು, ಮಾತು, ಬಣ್ಣ, ಬೆಳಕು ಎಲ್ಲವೂ ಅಲ್ಲಿತ್ತು. ನಮ್ಮ ಚಿತ್ರರಂಗದ ಮೊದಲ ತಲೆಮಾರಿನವರೆಲ್ಲ ಆ ವಿಶ್ವವಿದ್ಯಾನಿಲಯದ ಪದವೀಧರರೇ. ತಂದೆಯ ಜೊತೆ ಗುಬ್ಬಿ ಕಂಪನಿ ಸೇರಿದ ಗಾಜನೂರಿನ ಮುತ್ತುರಾಜ, ತಿಪಟೂರಿನ ನರಸಿಂಹರಾಜು, ನಂಜನಗೂಡಿನ ಕಡೆಯ ಜಿ. ವಿ. ಅಯ್ಯರ್, ಅರಸೀಕೆರೆಯ ಬಾಲಕೃಷ್ಣ, ಎಲ್ಲರೂ ಅಲ್ಲೇ ಪಳಗಿದವರು. ತಿಪಟೂರು ಮತ್ತು ಅರಸೀಕೆರೆ ಒಂದೇ ರೈಲು ದಾರಿಯ ನೆರೆಯೂರುಗಳು. ಕನ್ನಡಿಗರನ್ನು ನಗಿಸಿದ ಜೋಡಿಯೊಂದು ಆ ಎರಡು ನಿಲ್ದಾಣಗಳಿಂದ ಬಂತು ಎಂದು ನೆನೆದರೆ ಸಂತೋಷವಾಗುತ್ತದೆ.

1943ರಲ್ಲಿ ಎಂ. ವಿ. ರಾಜಮ್ಮನವರು ನಿರ್ಮಿಸಿದ 'ರಾಧಾರಮಣ' ಚಿತ್ರದಿಂದ ಬಾಲಣ್ಣನ ಸಿನಿಮಾ ಬದುಕು ಆರಂಭವಾಯಿತು. ಜಿ. ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ. ಆಗ ಬಾಲಣ್ಣನಿಗೆ ಮೂವತ್ತು ದಾಟಿತ್ತು. ಮಹಾಯುದ್ಧದ ಕಾಲವದು. ಕನ್ನಡ ಚಿತ್ರಗಳು ವರ್ಷಕ್ಕೆ ಕೆಲವೇ ಬರುತ್ತಿದ್ದವು. ಸಿನಿಮಾ ನಂಬಿ ಮನೆ ನಡೆಸುವ ಸ್ಥಿತಿ ಇರಲಿಲ್ಲ.

ಕಿವಿಯ ಮಾತಿಗೆ ಬರುತ್ತೇನೆ. ಕಂಪನಿ ನಾಟಕದಲ್ಲಿ ಪಕ್ಕದ ಪರದೆಯ ಮರೆಯಲ್ಲಿ ಒಬ್ಬ ಪ್ರಾಂಪ್ಟರ್ ನಿಂತಿರುತ್ತಾನೆ. ಮಾತು ಮರೆತ ನಟನಿಗೆ ಅವನೇ ಆಪದ್ಬಾಂಧವ. ಕಿವಿ ಕೇಳದ ನಟನಿಗೆ ಆ ಆಸರೆ ಇಲ್ಲ. ತನ್ನ ಮಾತಿನ ಜೊತೆಗೆ ಎದುರಿಗಿರುವವರ ಮಾತನ್ನೂ ಬಾಯಿಪಾಠ ಮಾಡಬೇಕು. ಎದುರಿನವರ ಮಾತು ಎಲ್ಲಿ ಮುಗಿಯುತ್ತದೆ ಎಂದು ತಿಳಿಯದಿದ್ದರೆ ತನ್ನ ಮಾತನ್ನು ಎತ್ತಿಕೊಳ್ಳುವುದು ಹೇಗೆ? ಬಾಲಣ್ಣ ಎದುರಿನವರ ತುಟಿಗಳನ್ನು ಓದುತ್ತಿದ್ದರು. ತುಟಿ ನಿಂತ ಕ್ಷಣಕ್ಕೆ ಸರಿಯಾಗಿ ಇವರ ಮಾತು ಹೊರಡುತ್ತಿತ್ತು.

ಸಿನಿಮಾ ಸೆಟ್ಟಿನಲ್ಲಿ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಕೆಲಸವೆಲ್ಲ ಕೂಗಿನಿಂದಲೇ ಶುರುವಾಗಿ ಕೂಗಿನಿಂದಲೇ ನಿಲ್ಲುವಂಥದ್ದು. ಫಿಲಂ ದುಬಾರಿ, ಒಬ್ಬ ನಟ ಒಂದು ಕ್ಷಣ ತಡವಾಗಿ ಮಾತೆತ್ತಿದರೆ ಇಡೀ ಶಾಟ್ ಹಾಳು. ಎದುರಿನ ಕಲಾವಿದ ಬೆನ್ನು ತಿರುಗಿಸಿ ಮಾತನಾಡಿದರೆ ತುಟಿಯೂ ಕಾಣದು. ಇಂಥ ಕಡೆ ಐವತ್ತು ವರ್ಷ ಒಬ್ಬ ನಟ ಬೇಡಿಕೆಯಲ್ಲಿದ್ದನೆಂದರೆ ನಿರ್ಮಾಪಕರು ಕನಿಕರದಿಂದ ಕರೆದರೆಂದಲ್ಲ. ಆ ಕೆಲಸವನ್ನು ಬಾಲಣ್ಣನಷ್ಟು ಚೆನ್ನಾಗಿ ಮಾಡುವವರು ಬೇರೆ ಇರಲಿಲ್ಲ, ಅದಕ್ಕೇ ಕರೆದರು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ಅವರ ಹಳೆಯ ಚಿತ್ರಗಳನ್ನು ಮತ್ತೆ ಹಾಕಿಕೊಂಡು ನೋಡಿದರೆ, ಬೇರೆಯವರು ಮಾತನಾಡುವಾಗ ಬಾಲಣ್ಣ ಎಂದೂ ಸುಮ್ಮನೆ ನಿಂತಿರುವುದಿಲ್ಲ. ಅವರ ಕಣ್ಣು ಮಾತನಾಡುವವರ ಮುಖದ ಮೇಲೇ ಇರುತ್ತದೆ. ಹುಬ್ಬು ಏರುತ್ತದೆ, ಕತ್ತು ಓರೆಯಾಗುತ್ತದೆ, ತುಟಿ ಬಿಗಿಯುತ್ತದೆ. ಪ್ರೇಕ್ಷಕರಾದ ನಾವು ಅದನ್ನು ಪಾತ್ರದ ಕುಟಿಲತೆ ಎಂದೋ ಆಸಕ್ತಿ ಎಂದೋ ಓದಿಕೊಂಡೆವು. ಅವರಿಗೆ ಅದು ಹೊಟ್ಟೆಪಾಡಿನ ಅಗತ್ಯವೂ ಆಗಿತ್ತು. ನೋಡದಿದ್ದರೆ ಅವರಿಗೆ ಏನೂ ತಿಳಿಯುವಂತಿರಲಿಲ್ಲ. ಕೊರತೆಯನ್ನು ಮುಚ್ಚಿಡಲು ಕಲಿತ ಅಭ್ಯಾಸವೇ ಅವರ ನಟನೆಯ ದೊಡ್ಡ ಬಲವಾಯಿತು ಎಂದು ನನ್ನ ನಂಬಿಕೆ. ನಟನೆ ಕಲಿಯುವವರಿಗೆ ಗುರುಗಳು ಮೊದಲು ಹೇಳುವ ಪಾಠ, ಎದುರಿನವರನ್ನು ಗಮನಿಸು ಎಂದು. ಬಾಲಣ್ಣನಿಗೆ ಆ ಪಾಠವನ್ನು ಬದುಕೇ ಹೇಳಿಕೊಟ್ಟಿತ್ತು.

ಅವರ ಮಾತಿನ ಧಾಟಿಯೂ ಹಾಗೆಯೇ. ತನ್ನ ದನಿ ತನಗೇ ಸರಿಯಾಗಿ ಕೇಳದವರು ಮಾತನ್ನು ಒಂದೇ ಮಟ್ಟದಲ್ಲಿ ಹೇಳಿಬಿಡುವುದು ಸಹಜ. ಬಾಲಣ್ಣನ ಮಾತಿನಲ್ಲಿ ಎಳೆತವಿದೆ, ಕೊಂಕಿದೆ, ಪಿಸುಮಾತಿದೆ, ಮಾತಿನ ಮಧ್ಯೆ ನಿಲ್ಲಿಸಿ ಕಣ್ಣು ಮಿಟುಕಿಸುವ ಸಮಯಪ್ರಜ್ಞೆ ಇದೆ. ನರಸಿಂಹರಾಜು ಅವರದು ಸಣಕಲು ಮೈ, ಉಬ್ಬು ಹಲ್ಲು, ಮುಗ್ಧ ನಗೆ. ತೆರೆಯ ಮೇಲೆ ಬಂದು ನಿಂತರೇ ನಗು ಬರುತ್ತಿತ್ತು. ಬಾಲಣ್ಣನ ಹಾಸ್ಯ ಬೇರೆ. ಅದರೊಳಗೆ ಸ್ವಲ್ಪ ವಿಷವೂ ಇರುತ್ತಿತ್ತು. ನಗುತ್ತಲೇ ಗುಂಡಿ ತೋಡುವ ಸಂಬಂಧಿಕ, ದೇವರ ಹೆಸರು ಹೇಳುತ್ತಲೇ ಲೆಕ್ಕ ತಪ್ಪಿಸುವ ಗುಮಾಸ್ತ, ಇಂಥವರು ನಮ್ಮ ಊರುಗಳಲ್ಲಿ ನಿಜವಾಗಿಯೂ ಇದ್ದರು. ಹಾಸ್ಯನಟನೂ ಖಳನಟನೂ ಒಬ್ಬನೇ ಆಗಿ ಎರಡನ್ನೂ ಒಂದೇ ದೃಶ್ಯದಲ್ಲಿ ಬೆರೆಸುವುದು ಸುಲಭವಲ್ಲ. 1961ರ 'ಕಣ್ತೆರೆದು ನೋಡು' ಚಿತ್ರದಲ್ಲಿ ರಾಜಕುಮಾರ್ ಅವರದು ಅಂಧ ಗಾಯಕನ ಪಾತ್ರ, ಬಾಲಣ್ಣನದು ಕಪಟಿಯದು. ಕಣ್ಣಿಲ್ಲದವನಂತೆ ನಟಿಸುವವರ ಎದುರು, ಕಿವಿ ಕೇಳುವವನಂತೆ ನಟಿಸುವವರು. ಚಿತ್ರಮಂದಿರದಲ್ಲಿ ಕುಳಿತ ಎಷ್ಟು ಮಂದಿಗೆ ಇದು ಗೊತ್ತಿತ್ತೋ!

ಮುಂದೆ 1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಟಿ. ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಆ ಚಿತ್ರವನ್ನು ನೋಡಿ ಪೇಟೆ ಬಿಟ್ಟು ಹಳ್ಳಿಗೆ ಮರಳಿದ ಯುವಕರಿದ್ದರೆಂದು ಹಿರಿಯರು ಹೇಳುತ್ತಾರೆ. ಅದರಲ್ಲಿ ರಾಜೀವನ ಬೆನ್ನಿಗೆ ನಿಲ್ಲುವ ರಾಚೂಟಪ್ಪನ ಪಾತ್ರ ಬಾಲಣ್ಣನದು. ಬಂಡೆಗಲ್ಲಿನ ನೆಲದಲ್ಲಿ ಬೆಳೆ ತೆಗೆಯುತ್ತೇನೆಂದು ಹೊರಟ ಯುವಕನನ್ನು ಊರೆಲ್ಲ ನಕ್ಕರೂ ನಂಬುವ ಹಿರಿಯ ಅವನು. ಅದುವರೆಗೆ ಬಾಲಣ್ಣನನ್ನು ಕಂಡರೆ ಶಾಪ ಹಾಕುತ್ತಿದ್ದ ಹೆಂಗಸರು ಈ ಚಿತ್ರ ನೋಡಿ ಕೈಮುಗಿದರೂ ಆಶ್ಚರ್ಯವಿಲ್ಲ. ತಾವೇ ಬರಡು ನೆಲವೊಂದರಲ್ಲಿ ಕನಸು ಬಿತ್ತುತ್ತಿದ್ದ ಕಾಲದಲ್ಲಿ ಅವರು ಈ ಪಾತ್ರ ಮಾಡಿದರು ಎಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಆ ನೆಲದ ಕಥೆಯನ್ನೇ ಈಗ ಹೇಳಬೇಕು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಿಡುಗಡೆಯಾಯಿತು. ಅದನ್ನು ಚಿತ್ರಿಸಿದ್ದು ಕರ್ನಾಟಕದಲ್ಲಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಆಮೇಲೆ ನಮ್ಮವರು ಮದರಾಸಿನ ದಾರಿ ಹಿಡಿದರು. ಫ್ಲೋರು ಅಲ್ಲಿ, ಕ್ಯಾಮೆರಾ ಅಲ್ಲಿ, ಧ್ವನಿಮುದ್ರಣ ಅಲ್ಲಿ, ಲ್ಯಾಬೊರೇಟರಿ ಅಲ್ಲಿ. ನಮ್ಮ ದೊಡ್ಡ ಕಲಾವಿದರೆಲ್ಲ ಬಹುಕಾಲ ಮದರಾಸಿನಲ್ಲೇ ಮನೆ ಮಾಡಿದ್ದರು. ತಮಿಳು, ತೆಲುಗು ಚಿತ್ರಗಳ ನಡುವೆ ಬಿಡುವಾದ ಹೊತ್ತಿನಲ್ಲಿ ಸಿಕ್ಕ ಫ್ಲೋರಿನಲ್ಲಿ ಕನ್ನಡ ಚಿತ್ರ ತಯಾರಾಗಬೇಕಿತ್ತು. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಂಥ ಪ್ರಯತ್ನಗಳು ಊರಿನಲ್ಲಿ ನಡೆದರೂ ಮದರಾಸಿನ ಹಂಗು ತಪ್ಪಲಿಲ್ಲ. ಹೀಗೆ ನೋಡಿದರೆ, ಬಂಧುಗಳೆ, ನಮ್ಮ ಚಿತ್ರರಂಗವೂ ದಶಕಗಳ ಕಾಲ ನಮ್ಮ ಹಾಗೆ ಹೊರನಾಡ ಕನ್ನಡಿಗನೇ ಆಗಿತ್ತು. ದುಡಿಮೆ ಒಂದು ಕಡೆ, ಕರುಳು ಒಂದು ಕಡೆ.

ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳಿಗೆ ಕಷ್ಟದ ಕಾಲ ಬಂತು. ಕಲಾವಿದರ ಕೈಯಲ್ಲಿ ಕೆಲಸವಿಲ್ಲ. ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಸಿನಿಮಾ ನಟರೆಂಬ ಬಿಗುಮಾನ ಬಿಟ್ಟು ಮತ್ತೆ ಬಣ್ಣದ ಪೆಟ್ಟಿಗೆ ಹೊತ್ತು ಊರೂರಿಗೆ ಹೋಗಿ ನಾಟಕ ಆಡಿದರು. ಕೂಡಿದ ಹಣದ ಬಲದಿಂದ 1960ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನು ತೆರೆಗೆ ತಂದರು. ಹದಿನೇಳನೆಯ ಶತಮಾನದ ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರ ಕಥೆ ಅದು. ಚಿತ್ರ ಗೆದ್ದಿತು. ಕೈಸೋತ ನಾಲ್ವರು ಸೇರಿ ಒಂದು ಸಂಘ ಮಾಡಿಕೊಂಡರೆ ಏನಾಗಬಹುದೆಂದು ಕನ್ನಡಿಗರಿಗೆ ಅಂದು ಗೊತ್ತಾಯಿತು.

ಮುಂದೆ ನಾಲ್ವರೂ ತಮ್ಮ ತಮ್ಮ ದಾರಿಯಲ್ಲಿ ಬೆಳೆದರು. ರಾಜಕುಮಾರ್ ನಾಡಿನ ಕಣ್ಮಣಿಯಾದರು. ನರಸಿಂಹರಾಜು ಮನೆಮಾತಾದರು. ಅಯ್ಯರ್ 'ಹಂಸಗೀತೆ' ಮಾಡಿ, 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರ 'ಆದಿ ಶಂಕರಾಚಾರ್ಯ' ತೆಗೆದು ದೇಶದ ಗಮನ ಸೆಳೆದರು. ಬಾಲಣ್ಣನ ಮನಸ್ಸು ಹೊಕ್ಕದ್ದು ಬೇರೆಯದೇ ಹಂಬಲ. ಕನ್ನಡ ಚಿತ್ರಕ್ಕೆ ಕನ್ನಡ ನೆಲದಲ್ಲಿ ಒಂದು ಸ್ವಂತ ಮನೆ ಬೇಕು, ನಮ್ಮವರು ಇನ್ನೊಬ್ಬರ ಫ್ಲೋರಿನ ಬಾಗಿಲಲ್ಲಿ ಕಾಯಬಾರದು ಎಂಬ ಹಂಬಲ.

ಸರ್ಕಾರ ಬೆಂಗಳೂರಿನ ಹೊರವಲಯದಲ್ಲಿ, ಕೆಂಗೇರಿ ಕಡೆಯ ಮೈಲಸಂದ್ರದ ಬಳಿ ಸ್ಟುಡಿಯೋ ಕಟ್ಟಲೆಂದೇ ಇಪ್ಪತ್ತು ಎಕರೆ ಜಮೀನನ್ನು ಅವರಿಗೆ ನೀಡಿತು. ಅರವತ್ತರ ದಶಕದ ಕೊನೆ ಅದು. ಆಗ ಆ ಕಡೆ ಬರೀ ಕುರುಚಲು ಕಾಡು. ಬಾಲಣ್ಣ ಅದಕ್ಕೆ 'ಅಭಿಮಾನ್ ಸ್ಟುಡಿಯೋ' ಎಂದು ಹೆಸರಿಟ್ಟರು. ಪೋಷಕ ನಟನ ಸಂಭಾವನೆ ಎಷ್ಟೆಂದು ನಾವು ಊಹಿಸಬಹುದು. ನಾಯಕನಿಗೆ ಸಿಕ್ಕುವುದರಲ್ಲಿ ಸಣ್ಣ ಪಾಲು. ಆ ಸಣ್ಣ ಪಾಲುಗಳನ್ನೇ ಒಂದೊಂದಾಗಿ ತಂದು ಅಲ್ಲಿ ಸುರಿದರು. ಒಳ್ಳೆಯ ಪಾತ್ರ, ಕೆಟ್ಟ ಪಾತ್ರ ಎಂದು ನೋಡದೆ ಬಂದದ್ದನ್ನೆಲ್ಲ ಒಪ್ಪಿಕೊಂಡರು ಎಂದು ಅವರನ್ನು ಆಡಿಕೊಂಡವರಿಗೆ ಆ ಹಣ ಎಲ್ಲಿಗೆ ಹೋಗುತ್ತಿತ್ತೆಂದು ಗೊತ್ತಿರಲಿಲ್ಲವೇನೋ. ಐನೂರು ಚಿತ್ರ ಮಾಡಿದ ನಟ ಬಂಗಲೆ, ಕಾರುಗಳ ಸಾಲು ಬಿಟ್ಟು ಹೋಗಬಹುದಿತ್ತು. ಅವರ ದುಡಿಮೆ ಇಟ್ಟಿಗೆ, ಸಿಮೆಂಟು, ಸಾಲದ ಬಡ್ಡಿಯಾಗಿ ಕರಗಿತು.

ಆದರೆ ಕಾಲ ಅವರ ಪರವಾಗಿರಲಿಲ್ಲ. 1966ರಲ್ಲಿ ಕಂಠೀರವ ಸ್ಟುಡಿಯೋ ಬಂದಿತ್ತು. ಎಪ್ಪತ್ತರ ದಶಕದಲ್ಲಿ ಸಿನಿಮಾದ ರೀತಿಯೇ ಬದಲಾಯಿತು. 'ಸಂಸ್ಕಾರ' ಶೃಂಗೇರಿಯ ಹತ್ತಿರದ ಹಳ್ಳಿಯಲ್ಲಿ ಚಿತ್ರಿತವಾಯಿತು. ಪುಟ್ಟಣ್ಣ ಕಣಗಾಲ್ 'ನಾಗರಹಾವು' ಚಿತ್ರಕ್ಕಾಗಿ ಚಿತ್ರದುರ್ಗದ ಕೋಟೆ ಹತ್ತಿದರು. ಪ್ರೇಕ್ಷಕರಿಗೆ ರಟ್ಟಿನ ಅರಮನೆಗಿಂತ ನಿಜವಾದ ಬೆಟ್ಟ, ಹೊಳೆ, ಮನೆಗಳೇ ಇಷ್ಟವಾದವು. ಕನ್ನಡಕ್ಕೆ ಅದರಿಂದ ಬಹಳ ಒಳ್ಳೆಯದಾಯಿತು. ಸ್ಟುಡಿಯೋ ಕಟ್ಟುತ್ತಿದ್ದವರಿಗೆ ಮಾತ್ರ ಪೆಟ್ಟು ಬಿತ್ತು. ಬಣ್ಣದ ಚಿತ್ರಗಳು ಬಂದ ಮೇಲೆ ಫಿಲಂ ಸಂಸ್ಕರಣೆಗೆ ಮತ್ತೆ ಮದರಾಸೇ ಗತಿಯಾಯಿತು. ಹೊಸ ಯಂತ್ರಗಳಿಗೆ ಬೇಕಾದ ಬಂಡವಾಳ ಒಬ್ಬ ನಟನ ದುಡಿಮೆಯಿಂದ ಹುಟ್ಟುವಂಥದ್ದಾಗಿರಲಿಲ್ಲ. ಅಭಿಮಾನ್ ಸ್ಟುಡಿಯೋ ಅವರು ಕಂಡ ಕನಸಿನ ಎತ್ತರಕ್ಕೆ ಏರಲೇ ಇಲ್ಲ. 1995ರ ಜುಲೈ 19ರಂದು ಬಾಲಣ್ಣ ತೀರಿಕೊಂಡರು. ಆಗ ಅವರಿಗೆ 83 ವರ್ಷ.

ಅನಂತರದ್ದು ನಿಮಗೆಲ್ಲ ಸ್ವಲ್ಪಮಟ್ಟಿಗೆ ತಿಳಿದದ್ದೇ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಾಗ ಅವರ ಅಂತ್ಯಕ್ರಿಯೆ ನಡೆದದ್ದು ಇದೇ ನೆಲದಲ್ಲಿ. ಅಭಿಮಾನಿಗಳಿಗೆ ಅದು ಪುಣ್ಯಸ್ಥಳವಾಯಿತು. ಜಮೀನಿನ ವಿಚಾರ ಮಾತ್ರ ವರ್ಷಗಟ್ಟಲೆ ನ್ಯಾಯಾಲಯ, ಕಚೇರಿಗಳಲ್ಲಿ ಸುತ್ತಿತು. ಸ್ಮಾರಕ ಮೈಸೂರಿನಲ್ಲಿ ಎದ್ದು 2023ರಲ್ಲಿ ಉದ್ಘಾಟನೆಯಾಯಿತು. 2025ರ ಆಗಸ್ಟ್‌ನಲ್ಲಿ ಅಭಿಮಾನ್ ಸ್ಟುಡಿಯೋದಲ್ಲಿದ್ದ ಸಮಾಧಿಯನ್ನು ಕೆಡವಿದಾಗ ನಾಡಿಗೆ ನಾಡೇ ನೊಂದುಕೊಂಡಿತು. ಆ ದಿನಗಳಲ್ಲಿ ಎಲ್ಲೆಲ್ಲೂ ಅಭಿಮಾನ್ ಸ್ಟುಡಿಯೋದ ಹೆಸರೇ. ಆದರೆ ಆ ಹೆಸರನ್ನು ಇಟ್ಟವರು ಯಾರು, ಯಾತಕ್ಕಾಗಿ ಇಟ್ಟರು ಎಂದು ಕೇಳಿದವರು ಎಷ್ಟು ಮಂದಿ? ಯಾರದು ಸರಿ, ಯಾರದು ತಪ್ಪು ಎಂದು ತೀರ್ಪು ಕೊಡಲು ನಾನು ಇಲ್ಲಿ ನಿಂತಿಲ್ಲ. ವಿಷ್ಣು ಅಭಿಮಾನಿಗಳ ದುಃಖ ನಿಜವಾದದ್ದು. ಅದರ ಜೊತೆಗೆ ಬಾಲಣ್ಣನ ದುಃಖವನ್ನೂ ಒಂದಿಷ್ಟು ನೆನೆಯಬೇಕು ಎಂಬುದಷ್ಟೇ ನನ್ನ ಪ್ರಾರ್ಥನೆ.

ಈ ಕಥೆಯನ್ನು ನಮ್ಮ ಸಂಘದ ಸ್ಥಾಪನಾ ದಿನದಂದೇ ಏಕೆ ಹೇಳಬೇಕೆಂದು ನೀವು ಕೇಳಬಹುದು. ಕಾರಣವಿದೆ. ನಮ್ಮ ಸಂಘಕ್ಕೂ ಒಂದು ಸ್ವಂತ ಕಟ್ಟಡ ಬೇಕೆಂಬ ಮಾತು ಬಹಳ ದಿನಗಳಿಂದ ನಡೆದಿದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ತೆತ್ತ ಶಾಲೆಯ ಸಭಾಂಗಣದಲ್ಲಿ ನಮ್ಮ ರಾಜ್ಯೋತ್ಸವ, ಒಬ್ಬೊಬ್ಬರ ಮನೆಯ ಕೆಳಮನೆಯಲ್ಲಿ ನಮ್ಮ ಪುಸ್ತಕ ಭಂಡಾರ, ವಾರಕ್ಕೊಂದು ಕಡೆ ನಮ್ಮ ಮಕ್ಕಳ ಕನ್ನಡ ತರಗತಿ. ಇನ್ನೊಬ್ಬರ ಫ್ಲೋರಿನಲ್ಲಿ ಬಿಡುವಾದಾಗ ಚಿತ್ರ ತೆಗೆಯುತ್ತಿದ್ದವರ ಪಾಡೇ ನಮ್ಮದೂ. ಆದ್ದರಿಂದ ಬಾಲಣ್ಣನ ಹಂಬಲ ನಮಗೆ ಬೇಗ ಅರ್ಥವಾಗುತ್ತದೆ. ಅವರ ಸೋಲಿನಿಂದಲೂ ನಾವು ಕಲಿಯಬೇಕು.

1960ರಲ್ಲಿ ನಾಲ್ವರು ಸೇರಿ ಒಂದು ಚಿತ್ರ ಮಾಡಿದರು. ಊರೂರಿನ ಜನ ನಾಟಕದ ಟಿಕೀಟು ಕೊಂಡು ಅದಕ್ಕೆ ಹೆಗಲು ಕೊಟ್ಟರು. ಭಾರ ಹಂಚಿಹೋಯಿತು, ಕೆಲಸ ಗೆದ್ದಿತು. ಅದಕ್ಕಿಂತ ಹತ್ತು ಪಟ್ಟು ದೊಡ್ಡದಾದ ಸ್ಟುಡಿಯೋದ ಭಾರ ಮಾತ್ರ ಬಹುಮಟ್ಟಿಗೆ ಒಬ್ಬರ ಹೆಗಲಿನ ಮೇಲೆ ಬಿತ್ತು. ಹೊಗಳುವವರು ಇದ್ದರು, ಹೊರುವವರು ಕಡಿಮೆ. ಕಟ್ಟುವುದು ಒಬ್ಬನ ಛಲದಿಂದ ಆಗಬಹುದು. ಉಳಿಸಿಕೊಳ್ಳಲು ಸಮಾಜವೇ ಬೇಕು. ಹಣದ ಲೆಕ್ಕ, ಕಾಗದ ಪತ್ರ, ನಾಳೆ ಯಾರು ನೋಡಿಕೊಳ್ಳಬೇಕೆಂಬ ಏರ್ಪಾಡು, ಇವೆಲ್ಲ ಭಾಷಣದಲ್ಲಿ ಹೇಳಲು ಸೊಗಸಾದ ವಿಷಯಗಳಲ್ಲ. ಆದರೆ ಒಬ್ಬ ಮಹನೀಯನ ತ್ಯಾಗ ಮೂವತ್ತು ವರ್ಷಗಳಲ್ಲಿ ವ್ಯಾಜ್ಯದ ಕಡತವಾಗದಂತೆ ಕಾಯುವುದು ಇವೇ. ನಮ್ಮ ಕನ್ನಡ ಭವನ ಎದ್ದರೆ, ಅದು ಒಬ್ಬಿಬ್ಬರು ಶ್ರೀಮಂತ ದಾನಿಗಳ ಔದಾರ್ಯದಿಂದಲೋ ಒಬ್ಬ ಕಾರ್ಯದರ್ಶಿಯ ಹುಚ್ಚು ಉತ್ಸಾಹದಿಂದಲೋ ಏಳುವುದು ಬೇಡ. ಪ್ರತಿ ಮನೆಯಿಂದಲೂ ಒಂದು ಇಟ್ಟಿಗೆ ಬರಲಿ. ಈಗಿನ ಹಿರಿಯರ ಜೊತೆಗೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೂ ಅದರ ಆಡಳಿತದಲ್ಲಿ ಮೊದಲ ದಿನದಿಂದಲೇ ಇರಲಿ. ಕನ್ನಡ ಸ್ವಲ್ಪ ತಡವರಿಸಿದರೂ ಚಿಂತೆಯಿಲ್ಲ.

ಆ ಮಕ್ಕಳಿಗೂ ಒಂದು ಮಾತು. ಕನ್ನಡ ಸರಿಯಾಗಿ ಕೇಳಿಸಿಕೊಳ್ಳಲು ಆಗುವುದಿಲ್ಲ, ಅಜ್ಜಿ ಫೋನಿನಲ್ಲಿ ಬೇಗ ಬೇಗ ಮಾತನಾಡಿದರೆ ತಿಳಿಯುವುದಿಲ್ಲ ಎಂದು ನೀವು ಹಿಂಜರಿಯುತ್ತೀರಿ. ಒಂದು ಶಬ್ದವೂ ಸರಿಯಾಗಿ ಕಿವಿಗೆ ಬೀಳದಿದ್ದ ಒಬ್ಬರು, ಎದುರಿನವರ ಮುಖವನ್ನು ಶ್ರದ್ಧೆಯಿಂದ ನೋಡಿ ನೋಡಿಯೇ ಐವತ್ತು ವರ್ಷ ಕನ್ನಡ ಮಾತನಾಡಿ ಕೋಟಿ ಜನರನ್ನು ನಗಿಸಿದರು. ಅಜ್ಜಿಯ ಮುಖ ನೋಡುತ್ತಾ ಕೇಳಿ. ಅರ್ಧ ಕನ್ನಡ ಅಲ್ಲೇ ಇದೆ.

ಇಂದು ಮನೆಗೆ ಹೋದ ಮೇಲೆ, ಇಲ್ಲವೇ ಈ ವಾರದ ಕೊನೆಯಲ್ಲಿ ಬಿಡುವು ಮಾಡಿಕೊಂಡು, 'ಬಂಗಾರದ ಮನುಷ್ಯ' ಚಿತ್ರವನ್ನು ಮಕ್ಕಳ ಜೊತೆ ಕುಳಿತು ಮತ್ತೊಮ್ಮೆ ನೋಡಿ. ಈ ಸಲ ರಾಜೀವನನ್ನು ಸ್ವಲ್ಪ ಬಿಟ್ಟು ರಾಚೂಟಪ್ಪನ ಕಣ್ಣುಗಳ ಕಡೆ ಗಮನ ಕೊಡಿ. ನಾನು ಹೇಳಿದ್ದು ನಿಜವೋ ಸುಳ್ಳೋ ನಿಮಗೇ ತಿಳಿಯುತ್ತದೆ.

 ಸಂಘ ನೂರು ವರ್ಷ ಬಾಳಲಿ.

ಸಿರಿಗನ್ನಡಂ ಗೆಲ್ಗೆ.